ಲಾರಿ ಲಿಥುವೇನಿಯಾದ್ದು, ಟ್ರೇಲರ್ ಪೋಲೆಂಡಿನದು: ಪರಿಹಾರ ಯಾರನ್ನು ಕೇಳಬೇಕು?

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ, ಬಂದು ಎಂಟು ತಿಂಗಳಾಯ್ತು. ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಎರಡು ವಾರದ ಹಿಂದೆ ಅವರಿಗೆ ಫ್ಯೂಸೆನ್ ಹತ್ತಿರದ ಕೋಟೆ ತೋರಿಸೋಣ ಅಂತ ಹೊರಟೆವು. ಕಾರು ನಾನೇ ಓಡಿಸುತ್ತಿದ್ದೆ. ಎ8 ಹೆದ್ದಾರಿಯಲ್ಲಿ ಉಲ್ಮ್ ಹತ್ತಿರ ಜಾಮ್ ಆಗಿ ನಿಂತಿದ್ದಾಗ ಹಿಂದಿನಿಂದ ಲಾರಿಯೊಂದು ಗುದ್ದಿತು. ಡ್ರೈವರಿಗೆ ಜರ್ಮನ್ನೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. 300 ಯೂರೊ ತೆಗೆದು ಕೈಗಿಡಲು ಬಂದ. ನಾನು ಬೇಡ ಎಂದು ಪೊಲೀಸರನ್ನು ಕರೆದೆ. ಅವರು ನಮ್ಮಿಬ್ಬರ ಕಾಗದಪತ್ರ ನೋಡಿ ಒಂದು ಚೀಟಿ ಕೊಟ್ಟು ಹೋದರು. ಫೋಟೊದಲ್ಲಿ ಲಾರಿಯ ಮುಂದಿನ ನಂಬರ್ ಲಿಥುವೇನಿಯಾದ್ದು, ಟ್ರೇಲರ್‌ದು ಪೋಲೆಂಡಿನದು. ಲಿಥುವೇನಿಯಾದ ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಹಾಕಿದೆ, ಉತ್ತರವೇ ಇಲ್ಲ. "ಹೊರದೇಶದ ಗಾಡಿ, ದುಡ್ಡು ಬರಲ್ಲ, ನಿನ್ನದೇ ಫುಲ್ ಇನ್ಶೂರೆನ್ಸ್‌ನಲ್ಲಿ ಮಾಡಿಸಿಕೋ" ಅಂತ ಆಫೀಸಿನ ಗೆಳೆಯರು ಹೇಳುತ್ತಾರೆ. ಅಮ್ಮನಿಗೆ ಮಾರನೇ ದಿನದಿಂದ ಕತ್ತು ನೋವು. ಅವರ ವಿಮಾನ ಇನ್ನು ಹನ್ನೊಂದು ದಿನಕ್ಕೆ. ಇಲ್ಲಿ ನಾವು ಯಾರನ್ನು ಕೇಳಬೇಕು? ಮುಂದಿನ ಬೇಸಿಗೆಯಲ್ಲಿ ಇಟಲಿಗೆ ಕಾರಿನಲ್ಲಿ ಹೋಗೋಣ ಅಂದುಕೊಂಡಿದ್ದೆವು, ಅಲ್ಲಿ ಹೀಗಾದರೆ ಏನು ಗತಿ? ನನ್ನ ಹತ್ತಿರ ಇರುವುದು ಇಂಡಿಯಾದ ಲೈಸೆನ್ಸ್.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಂದು ಮಾತು: ಆ ಇಮೇಲಿಗೆ ಉತ್ತರ ಬರಲಿಲ್ಲ ಅಂತ ಕೊರಗಬೇಡಿ. ನೀವು ಲಿಥುವೇನಿಯಾದವರ ಜೊತೆ ಮಾತಾಡಬೇಕಾಗಿಯೇ ಇಲ್ಲ. ಗುದ್ದಿದ ಗಾಡಿ ಯಾವ ದೇಶದ್ದೇ ಆಗಿರಲಿ, ಅಪಘಾತ ಆಗಿದ್ದು ಜರ್ಮನಿಯಲ್ಲಿ. ಹಾಗಾಗಿ ನಡೆಯುವುದು ಜರ್ಮನಿಯ ಕಾನೂನು, ನೀವು ಕೇಳಬೇಕಾದ್ದು ಜರ್ಮನಿಯ ಒಳಗೇ, ಪತ್ರ ಬರೆಯುವುದು ಜರ್ಮನ್ ಭಾಷೆಯಲ್ಲೇ. ಕೋರ್ಟಿಗೆ ಹೋಗಬೇಕಾಗಿ ಬಂದರೂ ಇಲ್ಲಿನ ಕೋರ್ಟೇ.

ಕೇಳಬೇಕಾದ ಜಾಗದ ಹೆಸರು ಡಾಯ್ಚಸ್ ಬ್ಯೂರೊ ಗ್ರ್ಯೂನೆ ಕಾರ್ಟೆ. ಅಂದರೆ ಹಸಿರು ಕಾರ್ಡಿನ ಜರ್ಮನ್ ಕಚೇರಿ. ಗಾಡಿಯ ಇನ್ಶೂರೆನ್ಸ್ ಹೊರದೇಶದಲ್ಲೂ ನಡೆಯುತ್ತದೆ ಅಂತ ತೋರಿಸುವ ಕಾಗದವೇ ಈ ಹಸಿರು ಕಾರ್ಡ್. ಎರಡನೇ ಮಹಾಯುದ್ಧ ಮುಗಿದು ಯುರೋಪಿನಲ್ಲಿ ಗಾಡಿಗಳು ಗಡಿ ದಾಟಿ ಓಡಾಡಲು ಶುರು ಮಾಡಿದಾಗ ನಿಮ್ಮದೇ ಪ್ರಶ್ನೆ ಎಲ್ಲ ಕಡೆ ಎದ್ದಿತ್ತು: ಹೊರಗಿನವನು ಗುದ್ದಿ ಹೋದರೆ ಯಾರನ್ನು ಹಿಡಿಯೋದು? 1949ರಲ್ಲಿ ವಿಶ್ವಸಂಸ್ಥೆಯ ಯುರೋಪ್ ಆಯೋಗ ಒಂದು ದಾರಿ ಸೂಚಿಸಿತು. ಅದು 1953ರ ಜನವರಿ 1ರಿಂದ ಜಾರಿಗೆ ಬಂತು. ಪ್ರತಿ ದೇಶದಲ್ಲೂ ಇನ್ಶೂರೆನ್ಸ್ ಕಂಪನಿಗಳು ಸೇರಿ ಒಂದು ಬ್ಯೂರೊ ಇಟ್ಟುಕೊಳ್ಳಬೇಕು. ಹೊರಗಿನ ಗಾಡಿ ತಮ್ಮ ನೆಲದಲ್ಲಿ ಹಾನಿ ಮಾಡಿದರೆ ಆ ಬ್ಯೂರೊ ಮೊದಲು ಪರಿಹಾರ ಕೊಡಬೇಕು. ಆಮೇಲೆ ಗಾಡಿಯ ದೇಶದಿಂದ ವಸೂಲಿ ಮಾಡಿಕೊಳ್ಳಬೇಕು. ಆ ವಸೂಲಿಯ ತಲೆನೋವು ಅವರದು, ನಿಮ್ಮದಲ್ಲ. ಈಗ ನಲವತ್ತಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ.

ಇನ್ನೂ ಒಂದು ಅನುಕೂಲ ಇದೆ. ಐರೋಪ್ಯ ಒಕ್ಕೂಟದ ದೇಶಗಳು, ಸ್ವಿಟ್ಜರ್‌ಲೆಂಡ್, ಬ್ರಿಟನ್, ಸರ್ಬಿಯಾ ಇಂಥ ಕಡೆಯ ಗಾಡಿಗಳಿಗೆ ಹಸಿರು ಕಾರ್ಡನ್ನು ತೋರಿಸುವ ಅಗತ್ಯವೂ ಇಲ್ಲ. ನಂಬರ್ ಪ್ಲೇಟ್ ಒಂದೇ ಸಾಕು. ಆ ಗಾಡಿಗೆ ಆ ದಿನ ಇನ್ಶೂರೆನ್ಸ್ ಇತ್ತೋ ಇಲ್ಲವೋ ಅಂತ ನೀವು ಸಾಬೀತು ಮಾಡಬೇಕಿಲ್ಲ. ಟರ್ಕಿ, ಯುಕ್ರೇನ್, ಮೊಲ್ಡೋವಾ, ಅಲ್ಬೇನಿಯಾದಂಥ ದೇಶಗಳ ಗಾಡಿಯಾದರೆ ಮಾತ್ರ ಕಾರ್ಡ್ ಮುಖ್ಯ. ಅದರ ಫೋಟೊ ತೆಗೆದುಕೊಳ್ಳಲೇಬೇಕು. ಮೊದಲೆಲ್ಲ ಅದು ಹಸಿರು ಕಾಗದದಲ್ಲೇ ಬರುತ್ತಿತ್ತು. 2020ರಿಂದ ಬಿಳಿ ಕಾಗದದ ಪ್ರಿಂಟೂ ನಡೆಯುತ್ತದೆ. ಬಿಳಿ ಇದೆ ಅಂತ ನಕಲಿ ಅಂದುಕೊಳ್ಳಬೇಡಿ.

ನೀವು ಮಾಡಿದ ಎರಡು ಕೆಲಸ ನನಗೆ ತುಂಬಾ ಇಷ್ಟವಾಯ್ತು. ಒಂದು, ದುಡ್ಡು ಮುಟ್ಟಲಿಲ್ಲ. ಇನ್ನೊಂದು, ಲಾರಿಯದ್ದೂ ಟ್ರೇಲರ್‌ದೂ ಎರಡೂ ನಂಬರಿನ ಫೋಟೊ ತೆಗೆದಿರಿ.

ದುಡ್ಡಿನ ವಿಷಯ ನಾನು ಅನುಭವಿಸಿಯೇ ಕಲಿತದ್ದು. ಈಗ ಹದಿನೈದು ವರ್ಷದಿಂದ ವಾಹನ ಕ್ಲೇಮ್‌ಗಳ ಕೆಲಸದಲ್ಲೇ ಇದ್ದೇನೆ. ಆದರೆ ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ ಹೊರದೇಶದ ವ್ಯಾನೊಂದು ಹಿಂದೆ ಬರುತ್ತಾ ನನ್ನ ಕಾರಿನ ಮೂತಿಗೆ ತಾಗಿತು. ಬಂಪರ್ ಮೇಲೆ ಒಂದು ಗೇಣು ಉದ್ದದ ಗೀರು, ಅಷ್ಟೇ. ಆ ಹುಡುಗ ಚಳಿಯಲ್ಲಿ ನಡುಗುತ್ತಾ ಕೈಮುಗಿದು 200 ಯೂರೊ ಕೊಟ್ಟ. ನನಗೂ ಅಯ್ಯೋ ಅನ್ನಿಸಿತು, ತಗೊಂಡೆ. ಅವನು ಚೀಟಿಯಲ್ಲಿ ಏನೋ ಬರೆದು ನನ್ನ ಸಹಿಯನ್ನೂ ಹಾಕಿಸಿಕೊಂಡ. ವಾರದ ನಂತರ ಗ್ಯಾರೇಜಿನವರು ಬಂಪರ್ ಬಿಚ್ಚಿ ನನ್ನನ್ನು ಒಳಗೆ ಕರೆದರು. ಬಂಪರಿನ ಪ್ಲಾಸ್ಟಿಕ್ ಒತ್ತಿದ ಮೇಲೆ ಮತ್ತೆ ಉಬ್ಬಿ ಮೊದಲಿನ ಆಕಾರಕ್ಕೇ ಬಂದು ನಿಂತಿತ್ತು. ಅದರ ಹಿಂದಿನ ಲೋಹದ ಅಡ್ಡಪಟ್ಟಿ ಬಾಳೆಕಾಯಿಯ ಹಾಗೆ ಬಾಗಿತ್ತು. ಒಂದು ಸೆನ್ಸರ್ ಒಡೆದಿತ್ತು. ಬಿಲ್ಲು 1,400 ಯೂರೊ ದಾಟಿತು. ನಾನು ಸಹಿ ಹಾಕಿದ ಚೀಟಿಯಲ್ಲಿ "ಇನ್ನು ಏನೂ ಕೇಳುವುದಿಲ್ಲ" ಅಂತ ಇತ್ತಂತೆ. ಆಮೇಲೆ ಅದನ್ನು ಓದಿ ಹೇಳಿಸಿಕೊಂಡೆ. ಅಂದಿನಿಂದ ಯಾರು ಕೇಳಿದರೂ ಹೇಳುತ್ತೇನೆ, ಹೊರಗಿನಿಂದ ಗೀರಷ್ಟೇ ಕಂಡರೂ ಒಳಗೆ ಏನಾಗಿದೆ ಅಂತ ಬಿಚ್ಚಿ ನೋಡುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಎರಡು ನಂಬರಿನ ವಿಷಯ. ದೊಡ್ಡ ಲಾರಿಗಳಲ್ಲಿ ಮುಂದಿನ ಎಂಜಿನ್ ಭಾಗವೇ ಬೇರೆ ಗಾಡಿ, ಹಿಂದಿನ ಟ್ರೇಲರ್ರೇ ಬೇರೆ ಗಾಡಿ. ಒಡೆಯರು ಬೇರೆ, ಇನ್ಶೂರೆನ್ಸ್ ಬೇರೆ, ಕೆಲವು ಸಲ ದೇಶವೂ ಬೇರೆ. ಹಿಂದಿನಿಂದ ನೋಡಿದವರು ಟ್ರೇಲರ್ ನಂಬರ್ ಮಾತ್ರ ಬರೆದುಕೊಳ್ಳುತ್ತಾರೆ. ಎಷ್ಟೋ ಫೈಲುಗಳು ತಿಂಗಳುಗಟ್ಟಲೆ ನಿಂತುಹೋಗುವುದು ಇದರಿಂದಲೇ. ಜರ್ಮನ್ ಕಾನೂನಿನ ಪ್ರಕಾರ ನಿಮ್ಮಂಥವರ ಎದುರು ಇಬ್ಬರು ಒಡೆಯರೂ ಹೊಣೆ. ತಮ್ಮತಮ್ಮಲ್ಲಿ ಹಂಚಿಕೊಳ್ಳುವುದು ಅವರಿಗೆ ಬಿಟ್ಟಿದ್ದು. ನಿಮ್ಮದರಲ್ಲಿ ಗುದ್ದಿದ್ದು ಮುಂದಿನ ಭಾಗ, ಹಾಗಾಗಿ ಕ್ಲೇಮಿನಲ್ಲಿ ಲಿಥುವೇನಿಯಾದ ನಂಬರನ್ನು ಮೊದಲು ಬರೆಯಿರಿ. ಪೋಲೆಂಡಿನ ನಂಬರನ್ನೂ ಅದರ ಕೆಳಗೆ ಕೊಡಿ.

ಈಗ ಬ್ಯೂರೊಗೆ ಬರೆಯುವ ಪತ್ರ. ಅವರ ವೆಬ್‌ಸೈಟಿನಲ್ಲೇ ಅರ್ಜಿ ಇದೆ. ದಿನಾಂಕ, ಜಾಗ, ಎರಡು ನಂಬರ್ ಮತ್ತು ದೇಶ, ಡ್ರೈವರ್ ಹೆಸರು, ಗೊತ್ತಿದ್ದರೆ ಇನ್ಶೂರೆನ್ಸ್ ಕಂಪನಿಯ ಹೆಸರು, ಇಷ್ಟು ಕೊಡಿ. ಪೊಲೀಸರು ಕೊಟ್ಟ ಚೀಟಿಯಲ್ಲಿ ಒಂದು ಕೇಸ್ ನಂಬರ್ ಇರುತ್ತದೆ, ಅದನ್ನು ತಪ್ಪದೇ ಬರೆಯಿರಿ. ಹಲವರು ಆ ಚೀಟಿಯನ್ನು ಪೆಟ್ರೋಲ್ ರಸೀದಿ ಜೊತೆ ಬಿಸಾಕಿಬಿಡುತ್ತಾರೆ. ಬ್ಯೂರೊ ನಿಮ್ಮ ಫೈಲನ್ನು ತಾನೇ ಇಟ್ಟುಕೊಳ್ಳುವುದಿಲ್ಲ. ಆ ಲಿಥುವೇನಿಯಾ ಕಂಪನಿಗೆ ಜರ್ಮನಿಯಲ್ಲಿ ಕೆಲಸ ಮಾಡಿಕೊಡುವ ಇಲ್ಲಿನದೇ ಒಂದು ಇನ್ಶೂರೆನ್ಸ್ ಕಂಪನಿಗೋ ಕ್ಲೇಮ್ ಕಚೇರಿಗೋ ಒಪ್ಪಿಸುತ್ತದೆ. ಅವರ ಹೆಸರು, ಫೈಲ್ ನಂಬರ್ ನಿಮಗೆ ತಿಳಿಸುತ್ತಾರೆ. ಅಲ್ಲಿಂದ ಮುಂದೆ ನಿಮ್ಮ ಮಾತುಕತೆ ಅವರ ಜೊತೆ. ಲೆಕ್ಕ ಸಮೇತ ಕ್ಲೇಮ್ ಕಳಿಸಿದ ಮೇಲೆ ಮೂರು ತಿಂಗಳ ಒಳಗೆ ಇಷ್ಟು ಕೊಡುತ್ತೇವೆ ಅಂತಲೋ, ಇಂಥ ಕಾರಣಕ್ಕೆ ಕೊಡುವುದಿಲ್ಲ ಅಂತಲೋ ಅವರು ಹೇಳಲೇಬೇಕು. ಇದು ಕಾನೂನು. ಆದರೆ ಜರ್ಮನ್ ಗಾಡಿಯ ಕ್ಲೇಮಿಗಿಂತ ಇದು ನಿಧಾನ, ಯಾಕೆಂದರೆ ಅವರು ಲಿಥುವೇನಿಯಾವನ್ನು ಒಂದು ಮಾತು ಕೇಳಬೇಕು. ಸ್ವಲ್ಪ ತಾಳ್ಮೆ ಇರಲಿ.

ತಪ್ಪು ಯಾರದ್ದು ಅನ್ನುವುದರಲ್ಲಿ ನಿಮಗೆ ಹೆಚ್ಚು ಕಷ್ಟ ಆಗಲಿಕ್ಕಿಲ್ಲ. ಹಿಂದಿನಿಂದ ಗುದ್ದಿದವನದೇ ತಪ್ಪು ಅಂತ ಇಲ್ಲಿನ ಕೋರ್ಟುಗಳು ಮೊದಲಿಗೆ ಹಿಡಿಯುತ್ತವೆ. ನೀವು ಆಗಷ್ಟೇ ಪಕ್ಕದ ಲೇನಿನಿಂದ ಅವನ ಮುಂದೆ ನುಗ್ಗಿದ್ದಿರಿ ಅಂತ ಅವನು ತೋರಿಸಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ನೀವು ನಿಂತೇ ಇದ್ದಿರಿ. ಪಕ್ಕದ ಕಾರಿನವರು ಯಾರಾದರೂ ನಂಬರ್ ಕೊಟ್ಟಿದ್ದರೆ ಜೋಪಾನ ಮಾಡಿ.

ಈಗ ಎಲ್ಲಕ್ಕಿಂತ ಜಾಸ್ತಿ ಜನ ಎಡವುವ ಜಾಗ. ಆ ಕಚೇರಿಯಿಂದ ಫೋನ್ ಬರುತ್ತದೆ. ತುಂಬಾ ಸೌಜನ್ಯದಿಂದ, "ನಮ್ಮ ಎಕ್ಸ್‌ಪರ್ಟನ್ನೇ ಕಳಿಸುತ್ತೇವೆ, ನಮ್ಮ ಗ್ಯಾರೇಜಿಗೆ ತನ್ನಿ, ನೀವೇನೂ ಮಾಡಬೇಕಿಲ್ಲ" ಅನ್ನುತ್ತಾರೆ. ಒಪ್ಪಬೇಡಿ. ಹಾನಿ ಅಳೆಯುವವರನ್ನು ಇಲ್ಲಿ ಗುಟಾಖ್ಟರ್ ಅನ್ನುತ್ತಾರೆ. ನಿಮ್ಮ ಗುಟಾಖ್ಟರನ್ನು ನೀವೇ ಆರಿಸುವ ಹಕ್ಕು ನಿಮಗಿದೆ, ಅವರ ಫೀಸನ್ನು ಎದುರಿನವರೇ ಕೊಡಬೇಕು. ತೀರಾ ಚಿಕ್ಕ ಹಾನಿ, ಅಂದರೆ ಸುಮಾರು 750ರಿಂದ 1,000 ಯೂರೊ ಒಳಗಿನದಾದರೆ ಮಾತ್ರ ಗ್ಯಾರೇಜಿನ ಅಂದಾಜು ಪಟ್ಟಿ ಸಾಕು. ಹೆದ್ದಾರಿಯಲ್ಲಿ ಲಾರಿ ಗುದ್ದಿದ್ದು ಅಷ್ಟರೊಳಗೆ ಮುಗಿಯುವುದು ಕಷ್ಟ. ಹಾಗೆಯೇ ವಕೀಲರು. ಪೂರ್ತಿ ತಪ್ಪು ಎದುರಿನವನದಾದರೆ ನಿಮ್ಮ ವಕೀಲರ ಫೀಸೂ ಅವರ ತಲೆಗೇ. ನಮ್ಮವರು "ವಕೀಲರ ಹತ್ತಿರ ಹೋಗುವಷ್ಟು ದೊಡ್ಡದೇನಲ್ಲ ಬಿಡಿ" ಅಂತ ಸುಮ್ನೆ ಇದ್ದುಬಿಡುತ್ತಾರೆ. ಹೊರದೇಶದ ಗಾಡಿ ಇರುವ ಕೇಸಿನಲ್ಲಿ ಸಂಚಾರ ಕಾನೂನು ಬಲ್ಲ ವಕೀಲರನ್ನು ಮೊದಲ ದಿನವೇ ಹಿಡಿಯುವುದು ಒಳ್ಳೆಯದು. ಪೊಲೀಸ್ ಫೈಲನ್ನು ಸರಾಗವಾಗಿ ತರಿಸಿ ನೋಡಲು ಅವರಿಗೇ ಸಾಧ್ಯ. ನಿಮ್ಮ ಕೇಸಿನಲ್ಲಿ ವಕೀಲರು ಬೇಕೇ ಬೇಕು ಅನ್ನಲು ಇನ್ನೊಂದು ಕಾರಣವೂ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಏನೇನು ಕೇಳಬಹುದು? ರಿಪೇರಿ ಖರ್ಚು, ಗಾಡಿ ಎಳೆಸಿದ ಖರ್ಚು ಎಲ್ಲರಿಗೂ ಗೊತ್ತಿರುತ್ತದೆ. ರಿಪೇರಿ ಮಾಡಿಸದೇ ಗುಟಾಖ್ಟರ್ ಬರೆದ ಲೆಕ್ಕದ ಮೇಲೆಯೇ ದುಡ್ಡು ಕೇಳಬಹುದು ಅನ್ನುವುದು ಹಲವರಿಗೆ ಗೊತ್ತಿಲ್ಲ. ಆಗ ಶೇಕಡಾ 19ರ ತೆರಿಗೆ ಭಾಗ ಸಿಗುವುದಿಲ್ಲ, ಅಷ್ಟೇ. ಅಪಘಾತವಾದ ಗಾಡಿ ಅಂತ ಮುಂದೆ ಮಾರುವಾಗ ಬೆಲೆ ಇಳಿಯುತ್ತದಲ್ವಾ, ಅದಕ್ಕೂ ಪರಿಹಾರ ಇದೆ. ಗಾಡಿ ಗ್ಯಾರೇಜಿನಲ್ಲಿದ್ದ ದಿನಗಳಿಗೆ ಬಾಡಿಗೆ ಕಾರು ತಗೊಳ್ಳಬಹುದು. ತಗೊಳ್ಳದೇ ಇದ್ದರೂ, ಗಾಡಿ ಇಲ್ಲದೆ ಪರದಾಡಿದ್ದಕ್ಕೆ ದಿನಕ್ಕೆ ಇಷ್ಟು ಅಂತ ಸಿಗುತ್ತದೆ. ಕಾರಿನ ದರ್ಜೆ ನೋಡಿ ದಿನಕ್ಕೆ 23 ಯೂರೊದಿಂದ 175 ಯೂರೊ ತನಕ ಇರುವ ಒಂದು ಪಟ್ಟಿಯನ್ನು ಕೋರ್ಟುಗಳು ಬಳಸುತ್ತವೆ. ಇದನ್ನು ನೀವಾಗಿಯೇ ಕೇಳಬೇಕು, ಅವರಾಗಿ ಕೊಡುವುದಿಲ್ಲ. ಆದರೆ ಇದು ಗಾಡಿ ಓಡಿಸುವ ಸ್ಥಿತಿಯಲ್ಲಿ ಇದ್ದವರಿಗೆ. ನಿಮ್ಮ ವಿಷಯದಲ್ಲಿ ಇದಕ್ಕೊಂದು ತೊಡಕಿದೆ, ಅದೂ ಮುಂದೆ ಬರುತ್ತದೆ.

ಗೆಳೆಯರು ಹೇಳಿದ ಫುಲ್ ಇನ್ಶೂರೆನ್ಸ್, ಇಲ್ಲಿನ ಮಾತಿನಲ್ಲಿ ಫೋಲ್‌ಕಾಸ್ಕೊ, ಅದನ್ನು ಸದ್ಯ ಮುಟ್ಟಬೇಡಿ. ಕೈಯಿಂದ ಒಂದು ಪಾಲು ಹೋಗುತ್ತದೆ, ಮುಂದಿನ ವರ್ಷಗಳ ಪ್ರೀಮಿಯಂ ಏರುತ್ತದೆ, ಬೆಲೆ ಇಳಿದದ್ದಕ್ಕೂ ಗಾಡಿ ಇಲ್ಲದ ದಿನಗಳಿಗೂ ಅದರಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಬ್ಯೂರೊದಲ್ಲಿ ಪೂರ್ತಿ ಸಿಗುವಾಗ ಅದು ಯಾಕೆ?

ಅಮ್ಮನ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಕಾರಿಗೆ ಹತ್ತು ಸಾಲು, ಅಮ್ಮನಿಗೆ ಒಂದು ಸಾಲು ಇದೆ. ಅವರೇ "ಏನಿಲ್ಲ ಬಿಡಪ್ಪ, ಎಣ್ಣೆ ಹಚ್ಚಿಕೊಂಡರೆ ಹೋಗುತ್ತೆ" ಅಂದಿರುತ್ತಾರೆ. ನನ್ನ ಅಮ್ಮನೂ ಹಾಗೇ ಅನ್ನುವವರು. ಮಗನ ಮನೆಗೆ ಬಂದವರು ಮಗನಿಗೆ ಖರ್ಚು ಹಚ್ಚಬಾರದು ಅಂತ ನೋವು ನುಂಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಹಿಂದಿನಿಂದ ಗುದ್ದಿದಾಗ ಕತ್ತು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಹೊಯ್ದಾಡುತ್ತದೆ. ನೋವು ಮಾರನೇ ದಿನ ಶುರುವಾಗುವುದು ಇದರಲ್ಲಿ ಮಾಮೂಲು. ಕೈ ಜುಮ್ಮೆನ್ನುವುದು, ತಲೆ ಸುತ್ತುವುದು, ವಾಂತಿ ಬಂದ ಹಾಗಾಗುವುದು ಇದ್ದರೆ ಸೋಮವಾರದ ತನಕವೂ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ.

ಪರಿಹಾರದ ಲೆಕ್ಕದಲ್ಲಿ ಅಮ್ಮ ನಿಮ್ಮ ಕ್ಲೇಮಿನ ಬಾಲವಲ್ಲ. ಕಾರಿನಲ್ಲಿ ಕೂತಿದ್ದವರಿಗೆ ಅವರದೇ ಸ್ವಂತ ಕ್ಲೇಮ್ ಇದೆ. ಟೂರಿಸ್ಟ್ ವೀಸಾದಲ್ಲಿ ಬಂದವರು ಅನ್ನುವುದರಿಂದ ಆ ಹಕ್ಕು ಒಂದು ಕೂದಲೆಳೆಯಷ್ಟೂ ಕಡಿಮೆ ಆಗುವುದಿಲ್ಲ. ವೀಸಾಗಾಗಿ ಅವರಿಗೆ ಮಾಡಿಸಿದ ಟ್ರಾವೆಲ್ ಇನ್ಶೂರೆನ್ಸ್ ಇರುತ್ತದಲ್ಲ, ಕನಿಷ್ಠ 30,000 ಯೂರೊದ್ದು, ಅದರಲ್ಲಿ ಚಿಕಿತ್ಸೆ ಶುರು ಮಾಡಿ. ಆ ಕಂಪನಿ ಆಮೇಲೆ ಎದುರಿನವರಿಂದ ವಸೂಲಿ ಮಾಡಿಕೊಳ್ಳುತ್ತದೆ. ಅಪಘಾತದಿಂದ ಆದ ನೋವು ಅಂತ ಅವರಿಗೆ ಮೊದಲೇ ತಿಳಿಸಿ. ಅದರ ಮೇಲೆ ಅಮ್ಮನಿಗೆ ಶ್ಮೆರ್ತ್ಸೆನ್ಸ್‌ಗೆಲ್ಟ್ ಅನ್ನುವುದು ಸಿಗಬೇಕು. ಆ ಪದದ ಅರ್ಥವೇ ನೋವಿನ ಹಣ. ಬೇಗ ವಾಸಿಯಾಗುವ ಕತ್ತು ಉಳುಕಿಗೆ ಅದು ದೊಡ್ಡ ಮೊತ್ತವಲ್ಲ, ಕೆಲವು ನೂರು ಯೂರೊದಿಂದ ಸಾವಿರದ ಆಸುಪಾಸು. ನೋವು ಉಳಿದುಕೊಂಡರೆ ಜಾಸ್ತಿ. ಡಾಕ್ಟರ್ ಬಳಿಗೆ ಹೋಗಿಬಂದ ಖರ್ಚು, ಅವರ ಸಲಹೆಯಂತೆ ವಿಮಾನದ ಟಿಕೆಟ್ ಮುಂದೂಡಿದರೆ ಅದರ ಖರ್ಚನ್ನೂ ಕೇಳಬಹುದು.

ಇನ್ನೊಂದು ಇದೆ, ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ. ಮನೆಕೆಲಸಕ್ಕೆ ಜರ್ಮನ್ ಕಾನೂನಿನಲ್ಲಿ ಬೆಲೆ ಇದೆ. ಗಾಯದಿಂದಾಗಿ ಅಡುಗೆ, ಬಟ್ಟೆ, ಗುಡಿಸೋದು ಒರೆಸೋದು ಮಾಡಲಾಗದೆ ಹೋದರೆ, ಕೆಲಸದವರನ್ನು ಇಟ್ಟುಕೊಂಡಿರಲಿ ಬಿಡಲಿ, ಅದಕ್ಕೆ ಗಂಟೆ ಲೆಕ್ಕದಲ್ಲಿ ಪರಿಹಾರ ಕೇಳಬಹುದು. ದಾವಣಗೆರೆಗೆ ಹೋದ ಮೇಲೂ ಅಮ್ಮನಿಗೆ ಕೊಡ ಎತ್ತಲು, ರೊಟ್ಟಿ ತಟ್ಟಲು ಆಗದೇ ಇದ್ದರೆ ಅದೂ ಹಾನಿಯೇ. ಅಲ್ಲಿನ ಕೂಲಿ ದರದಲ್ಲಿ ಲೆಕ್ಕ ಹಾಕುತ್ತಾರೆ, ಮೊತ್ತ ಚಿಕ್ಕದಿರಬಹುದು. ಆದರೂ ಬರೆಯಿಸಿ. ಯಾವ ದಿನ ಯಾವ ಕೆಲಸ ಆಗಲಿಲ್ಲ ಅಂತ ಒಂದು ನೋಟ್‌ಬುಕ್ಕಿನಲ್ಲಿ ಅಪ್ಪನಿಗೆ ಗುರುತು ಹಾಕಿಡಲು ಹೇಳಿ.

ಇದೆಲ್ಲ ನಿಲ್ಲುವುದು ಡಾಕ್ಟರ ಕಾಗದದ ಮೇಲೆ. ಹೊರಡುವ ಮೊದಲು ಇಲ್ಲಿನ ಡಾಕ್ಟರ್ ಪರೀಕ್ಷೆ ಮಾಡಿ, ಇಂಥ ದಿನ ಅಪಘಾತವಾಯ್ತು, ಇಂಥ ಕಡೆ ನೋವು, ಕತ್ತು ಇಷ್ಟು ತಿರುಗುತ್ತದೆ ಅಂತ ಬರೆದುಕೊಡಬೇಕು. ಊರಿಗೆ ಹೋಗಿ ಮೂರು ವಾರದ ನಂತರ ತೋರಿಸಿದರೆ, "ಅಪಘಾತಕ್ಕೂ ಇದಕ್ಕೂ ಏನು ಸಂಬಂಧ?" ಅಂತ ಎದುರಿನವರು ಕೇಳುತ್ತಾರೆ. ಆಗಲೇ ಎರಡು ವಾರ ಕಳೆದಿದೆ, ಇನ್ನು ತಡ ಮಾಡಬೇಡಿ. "ಗುದ್ದಿದ ವೇಗ ಕಡಿಮೆ, ಇಷ್ಟಕ್ಕೆಲ್ಲ ಕತ್ತು ನೋಯಲ್ಲ" ಅಂತಲೂ ಅವರು ವಾದ ಮಾಡಬಹುದು. ಇಷ್ಟು ವೇಗಕ್ಕಿಂತ ಕೆಳಗಿದ್ದರೆ ಗಾಯವೇ ಆಗುವುದಿಲ್ಲ ಅನ್ನುವ ಕಣ್ಣುಮುಚ್ಚಿದ ಲೆಕ್ಕವನ್ನು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2003ರಲ್ಲೇ ತಳ್ಳಿಹಾಕಿದೆ. ಪ್ರತಿ ಕೇಸನ್ನೂ ಅದರದರ ಸಾಕ್ಷಿ ನೋಡಿ ತೀರ್ಮಾನಿಸಬೇಕು. ಆ ಸಾಕ್ಷಿಯೇ ಡಾಕ್ಟರ ಕಾಗದ. ಊರಿನಲ್ಲಿ ಚಿಕಿತ್ಸೆ ಮುಂದುವರಿಸಿದರೆ ದಿನಾಂಕ, ಸೀಲು ಇರುವ ಬಿಲ್ಲು, ಇಂಗ್ಲಿಷಿನಲ್ಲಿ ಬರೆದ ರಿಪೋರ್ಟು, ಎಲ್ಲದರ ಫೋಟೊ ನಿಮಗೆ ಬರುತ್ತಿರಲಿ. ಮತ್ತೆ ವಿಮಾನ ಹತ್ತುವ ಮೊದಲು ವಕೀಲರ ಹೆಸರಿಗೆ ಅಮ್ಮನ ಸಹಿ ಇರುವ ಅಧಿಕಾರ ಪತ್ರ ಆಗಿರಬೇಕು. ಅದನ್ನು ಇಲ್ಲಿ ಫೋಲ್‌ಮಾಖ್ಟ್ ಅನ್ನುತ್ತಾರೆ, ಅರ್ಧ ಪುಟದ ಕಾಗದ. ಕೊನೆಗೆ "ಇಷ್ಟು ತಗೊಂಡು ಎಲ್ಲ ಮುಗಿಯಿತು ಅಂತ ಸಹಿ ಹಾಕಿ" ಅನ್ನುವ ಕಾಗದ ಬರುತ್ತದೆ. ಅಮ್ಮನ ನೋವು ಪೂರ್ತಿ ಹೋಗುವ ತನಕ ಅದಕ್ಕೆ ಸಹಿ ಬೇಡ. ಆತುರ ಏನೂ ಇಲ್ಲ. ಈ ವರ್ಷ ಮುಗಿದ ಮೇಲೆ ಇನ್ನೂ ಮೂರು ವರ್ಷ ಕೇಳುವ ಅವಕಾಶ ಇದೆ.

ಇಟಲಿಯ ಪ್ರಶ್ನೆ. ಅಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಅಪಘಾತ ಆದ ದೇಶದ ಕಾನೂನೇ ನಡೆಯುವುದರಿಂದ ಏನು ಸಿಗುತ್ತದೆ, ಎಷ್ಟು ಸಿಗುತ್ತದೆ ಅನ್ನುವುದು ಇಟಲಿಯ ಲೆಕ್ಕದಲ್ಲಿ. ಇಲ್ಲಿನ ಹಾಗೆ ಗುಟಾಖ್ಟರ್ ಫೀಸು, ವಕೀಲರ ಫೀಸು ಎಲ್ಲ ಕಡೆ ಸುಲಭವಾಗಿ ಬರುವುದಿಲ್ಲ. ಸಮಯವೂ ಬೇರೆ: ಇಟಲಿಯಲ್ಲಿ ಎರಡು ವರ್ಷ, ಸ್ಪೇನಿನಲ್ಲಿ ಸಾಮಾನ್ಯವಾಗಿ ಒಂದೇ ವರ್ಷ. ಆದರೆ ಭಾಷೆ ಬರದ ಊರಿಗೆ ಅಲೆಯುವುದು ತಪ್ಪುತ್ತದೆ. ಐರೋಪ್ಯ ಒಕ್ಕೂಟ 2000ದಲ್ಲಿ ಮಾಡಿದ ನಿಯಮದಂತೆ ಅಲ್ಲಿನ ಪ್ರತಿ ವಾಹನ ಇನ್ಶೂರೆನ್ಸ್ ಕಂಪನಿಯೂ ಉಳಿದ ಪ್ರತಿ ಸದಸ್ಯ ದೇಶದಲ್ಲಿ ಒಬ್ಬ ಪ್ರತಿನಿಧಿಯನ್ನು ಇಟ್ಟಿರಬೇಕು. ಮನೆಗೆ ವಾಪಸ್ ಬಂದು ತ್ಸೆಂಟ್ರಾಲ್‌ರೂಫ್ ಅನ್ನುವ ಇನ್ಶೂರೆನ್ಸ್ ಕಂಪನಿಗಳ ಸಹಾಯವಾಣಿಗೆ ಇಟಲಿಯ ನಂಬರ್ ಹೇಳಿದರೆ ಆ ಪ್ರತಿನಿಧಿ ಯಾರು ಅಂತ ಹುಡುಕಿಕೊಡುತ್ತಾರೆ. ಆ ಪ್ರತಿನಿಧಿ ಮೂರು ತಿಂಗಳು ಬಾಯಿ ಬಿಡದಿದ್ದರೆ ಫೆರ್‌ಕೇರ್ಸ್‌ಓಪ್ಫರ್‌ಹಿಲ್ಫೆ ಅನ್ನುವ ಸಂಸ್ಥೆಗೆ ಹೋಗಬಹುದು. ಹೆಸರು ಉದ್ದ, ಅರ್ಥ ಸರಳ: ರಸ್ತೆ ಅಪಘಾತದವರಿಗೆ ನೆರವು. ಕೋರ್ಟಿನ ದಾರಿಯೂ ಹತ್ತಿರದ್ದೇ. ಗಾಯಗೊಂಡವರು ತಾವಿರುವ ದೇಶದ ಕೋರ್ಟಿನಲ್ಲೇ ಹೊರದೇಶದ ಇನ್ಶೂರೆನ್ಸ್ ಕಂಪನಿ ಮೇಲೆ ದಾವೆ ಹಾಕಬಹುದು ಅಂತ ಐರೋಪ್ಯ ನ್ಯಾಯಾಲಯ 2007ರ ಡಿಸೆಂಬರ್ 13ರಂದು ಹೇಳಿದೆ.

ಗುದ್ದಿ ಓಡಿಹೋದವನ ನಂಬರೇ ಸಿಗದಿದ್ದರೆ ಆಗ ದಾರಿ ಕಿರಿದಾಗುತ್ತದೆ. ಜರ್ಮನಿಯಲ್ಲಿ ಇದೇ ನೆರವು ಸಂಸ್ಥೆ ಗಾಯಕ್ಕೆ ಪರಿಹಾರ ನೋಡುತ್ತದೆ. ಕಾರಿನ ಹಾನಿಗೆ, ಯಾರಿಗಾದರೂ ದೊಡ್ಡ ಗಾಯ ಆಗಿದ್ದರೆ ಹೊರತು, ಕೊಡುವುದಿಲ್ಲ. ಹಾಗಾಗಿ ಗುದ್ದು ಬಿದ್ದ ಕೂಡಲೇ, ಇಳಿದು ಬೈಯುವುದಕ್ಕೂ ಮೊದಲೇ, ನಂಬರಿನ ಫೋಟೊ.

ಕಾರಿನಲ್ಲಿ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಕೊಡುವ ಒಂದು ಕಾಗದ ಇದೆ, ಯುರೋಪಿನ ಅಪಘಾತ ವರದಿ ನಮೂನೆ. ಇನ್ಶೂರೆನ್ಸ್ ಕಂಪನಿಗಳು ಪುಕ್ಕಟೆ ಕೊಡುತ್ತವೆ. ಅದರ ಚೆಂದ ಏನೆಂದರೆ ಎಲ್ಲ ಭಾಷೆಯಲ್ಲೂ ಅಂಕಣಗಳ ನಂಬರ್ ಒಂದೇ. ಅವನ ಕೈಯಲ್ಲಿ ಇಟಾಲಿಯನ್ ಹಾಳೆ, ನಿಮ್ಮ ಕೈಯಲ್ಲಿ ಜರ್ಮನ್ ಹಾಳೆ ಇದ್ದರೂ 9ನೇ ಅಂಕಣ ಎರಡರಲ್ಲೂ ಡ್ರೈವರ್ ಹೆಸರಿಗೇ. ನಡುವೆ 12ನೇ ಅಂಕಣದಲ್ಲಿ 17 ಸಾಲುಗಳಿವೆ: ನಿಂತಿತ್ತು, ಹಿಂದಕ್ಕೆ ಬರುತ್ತಿತ್ತು, ಲೇನ್ ಬದಲಿಸುತ್ತಿತ್ತು, ಹೀಗೆ. ನಿಮ್ಮ ಕಡೆಯವಕ್ಕೆ ಗುರುತು ಹಾಕಿ, ಒಟ್ಟು ಎಷ್ಟು ಗುರುತು ಅಂತ ಕೆಳಗೆ ಸಂಖ್ಯೆ ಬರೆಯಬೇಕು. ಬರೆಯದಿದ್ದರೆ ಆಮೇಲೆ ಯಾರಾದರೂ ಒಂದು ಗುರುತು ಸೇರಿಸಬಹುದು. ಅರ್ಥವಾಗದ ಸಾಲಿಗೆ ಗುರುತು ಬೇಡ, ಅರ್ಥವಾಗದ ಹಾಳೆಗೆ ಸಹಿಯೂ ಬೇಡ.

ಕೊನೆಗೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು ನಿಮ್ಮ ಪತ್ರದ ಕಡೆಯ ಸಾಲು. ಬಂದು ಎಂಟು ತಿಂಗಳು, ಕೈಯಲ್ಲಿರುವುದು ಇಂಡಿಯಾದ ಲೈಸೆನ್ಸ್. ಇದನ್ನು ಓದಿದಾಗ ನನಗೆ ಎದೆ ಧಸಕ್ಕೆಂದಿತು. ಇಲ್ಲಿ ನೆಲೆಸಿದ ಮೇಲೆ ಇಂಡಿಯಾದ ಲೈಸೆನ್ಸ್ ನಡೆಯುವುದು ಆರು ತಿಂಗಳು ಮಾತ್ರ. ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸುವುದು ಇಲ್ಲಿ ಬರೀ ದಂಡದ ಚಲನ್ ಅಲ್ಲ, ಅಪರಾಧ. ಪೊಲೀಸರು ಆವತ್ತು ನಿಮ್ಮ ಕಾಗದಪತ್ರ ನೋಡಿದ್ದಾರೆ, ಹಾಗಾಗಿ ಮುಂದೆ ಅವರಿಂದ ಒಂದು ಪತ್ರ ಬರಬಹುದು. ಬಂದರೆ ಗಾಬರಿಯಲ್ಲಿ ಉದ್ದುದ್ದ ವಿವರಣೆ ಬರೆದು ಕಳಿಸಬೇಡಿ. ಹೆಸರು, ವಿಳಾಸ ಕೊಡಬೇಕು, ಘಟನೆಯ ಬಗ್ಗೆ ಹೇಳಿಕೆ ಕೊಡಲೇಬೇಕು ಅಂತಿಲ್ಲ. ಮೊದಲು ವಕೀಲರಿಗೆ ತೋರಿಸಿ. ಅವರಿಗೆ ಈ ವಿಷಯ ಮೊದಲ ಭೇಟಿಯಲ್ಲೇ ಹೇಳಿ, ಮುಚ್ಚಿಡಬೇಡಿ.

ಇದರಿಂದ ನಿಮ್ಮ ಕ್ಲೇಮ್ ಬಿದ್ದುಹೋಗುತ್ತದಾ? ಸಾಮಾನ್ಯವಾಗಿ ಇಲ್ಲ. ನಿಂತ ಕಾರಿಗೆ ಲಾರಿ ಗುದ್ದಿದ್ದಕ್ಕೂ ನಿಮ್ಮ ಲೈಸೆನ್ಸಿಗೂ ಸಂಬಂಧ ಇಲ್ಲ. ಅಮ್ಮನ ಕ್ಲೇಮಿಗಂತೂ ಏನೂ ಆಗುವುದಿಲ್ಲ. ಗಾಡಿ ಇಲ್ಲದ ದಿನಗಳ ಹಣಕ್ಕೆ ಮಾತ್ರ ಪೆಟ್ಟು ಬೀಳಬಹುದು, ಮನೆಯಲ್ಲಿ ಲೈಸೆನ್ಸ್ ಇರುವ ಬೇರೆಯವರು ಆ ಕಾರು ಓಡಿಸುತ್ತಿದ್ದರೆ ಅದನ್ನು ವಕೀಲರಿಗೆ ಹೇಳಿ. ಫೋಲ್‌ಕಾಸ್ಕೊ ಬಾಗಿಲು ತಟ್ಟಬೇಡಿ ಅಂದಿದ್ದೂ ಇದಕ್ಕೇ, ಲೈಸೆನ್ಸ್ ಇಲ್ಲದೆ ಓಡಿಸಿದ್ದು ಗೊತ್ತಾದರೆ ಅವರು ಕೊಡದೇ ಇರಬಹುದು. ಆವತ್ತು ತಪ್ಪು ನಿಮ್ಮದಾಗಿದ್ದರೆ ನಿಮ್ಮ ಕಂಪನಿ ಎದುರಿನವರಿಗೆ ಕೊಟ್ಟು, ನಿಮ್ಮಿಂದ 5,000 ಯೂರೊ ತನಕ ವಸೂಲಿ ಮಾಡಬಹುದಿತ್ತು.

ನಮ್ಮವರಲ್ಲಿ ಎಷ್ಟೋ ಜನ ಇದೇ ತಪ್ಪು ಮಾಡುತ್ತಾರೆ, ಕೆಲಸ, ಮನೆ, ಮಗುವಿನ ಶಾಲೆ ಅಂತ ಓಡಾಡುವಾಗ ಆರು ತಿಂಗಳು ಕಳೆದದ್ದೇ ಗೊತ್ತಾಗುವುದಿಲ್ಲ. ಲೈಸೆನ್ಸ್ ಕಚೇರಿಗೆ ಬದಲಾವಣೆಯ ಅರ್ಜಿ ಈ ವಾರವೇ ಹಾಕಿ. ಇಂಡಿಯಾದವರಿಗೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಇವೆ. ಆದರೆ ಇಷ್ಟು ಗಂಟೆ ಕ್ಲಾಸಿಗೆ ಹೋಗಲೇಬೇಕು ಅನ್ನುವ ನಿಯಮ ನಿಮಗಿಲ್ಲ. ಬಲಗಡೆ ಓಡಿಸುವ ರೂಢಿ ಬರಲಿ ಅಂತ ನಾಲ್ಕಾರು ಪಾಠ ತಗೊಳ್ಳಿ ಅನ್ನುವುದು ನನ್ನ ಸಲಹೆ. ಅಲ್ಲಿಯ ತನಕ ಸ್ಟೀರಿಂಗ್ ಮುಟ್ಟಬೇಡಿ. ಸೋಮವಾರ ಬೆಳಿಗ್ಗೆ ಮೂಳೆ ಡಾಕ್ಟರ ಹತ್ತಿರ ಟೈಮ್ ತಗೊಂಡು, ಅಮ್ಮನನ್ನು ಎಸ್-ಬಾನ್ ರೈಲಿನಲ್ಲಿ ಕರೆದುಕೊಂಡು ಹೋಗಿ.